ಹುಳುಕಿಲ್ಲದ ಹಲ್ಲು

ಅಂಕೋಲೆಯ ಸರಕಾರಿ ಆಸ್ಪತ್ರೆ, ಎಂಟನೇ ನಂಬರಿನ ಕೋಣೆ.
ಹಸಿರು ಪರದೆ, ಒಂದು ಮಂಚ, ಇಸಿಜಿ ಯಂತ್ರ,
ರಬ್ಬರಿನ ಆರು ಬುಗ್ಗೆ, ನಾಲ್ಕು ಕ್ಲಿಪ್ಪು,
ಮತ್ತೆ ನಾನು.
ಹದಿನೇಳು ವರ್ಷದಿಂದ ಎದೆಯ ಮಿಡಿತವನ್ನು ಗೆರೆ ಮಾಡಿ
ಗುಲಾಬಿ ಚೌಕಳಿ ಕಾಗದದಲ್ಲಿ ಹರಿದು ಕೊಡುವವಳು.

ಬಂದವರು ಯಾವ ಕೇರಿಯವರೇ ಇರಲಿ,
ಮನೆಯಲ್ಲಿ ಯಾವ ಭಾಷೆಯೇ ಇರಲಿ,
ಮಲಗುವ ಮೊದಲು ಹೇಳುವ ಮಾತು ಒಂದೇ:
"ಎಂತ ಇಲ್ಲ, ಅಡ್ಡಿಲ್ಲ. ಗ್ಯಾಸು."

ಆ ಮಂಗಳವಾರ ಚಂಪಾವತಿ ಹರಿಕಂತ್ರ ಬಂದಳು,
ತಲೆಯ ಸಿಂಬಿಯನ್ನೂ ತೆಗೆಯದೆ.
ಅರ್ಧ ಬುಟ್ಟಿ ಬಂಗುಡೆ ಬಾಗಿಲ ಹೊರಗೆ.
ಎರಡು ವಾರದಿಂದ ದವಡೆ ಸೆಳೆತ;
ಹಲ್ಲೇ ಇರಬೇಕೆಂದು ಕೀಳಿಸಿದ್ದಳು.
"ಹಲ್ಲು ಹೋಯಿತು ತಂಗಿ, ನೋವು ಇಲ್ಲೇ ಕೂತಿದೆ,
ಬಾಡಿಗೆ ಕೊಡದೆ."
ಸೆರಗಿನ ಗಂಟು ಬಿಚ್ಚಿ ಹಲ್ಲು ತೋರಿಸಿದಳು.
ಬೆನ್ನೆಲ್ಲ ಒದ್ದೆ. ಏಪ್ರಿಲಿನ ಸೆಕೆ ಎಂದಳು.
ನಾನೂ ಹೌದೆಂದೆ.
ಎದೆ ನೋಯುತ್ತದಾ?
ಒಂಚೂರೂ ಇಲ್ಲ.

ಯಂತ್ರ ಬೇರೆಯೇ ಹೇಳಿತು.
ಗೆರೆ ಏರಿತು,
ಇಳಿಯಬೇಕಾದಲ್ಲಿ ಇಳಿಯಲಿಲ್ಲ.

ಡಾಕ್ಟರು ಓಡಿ ಬಂದರು. ಗುಳಿಗೆ, ಸೂಜಿ, ಆಂಬುಲೆನ್ಸು.
ಮಣಿಪಾಲಕ್ಕೆ, ಎಂದರು. ಮಣಿಪಾಲ ಎಷ್ಟು ದೂರ
ಎಂದು ಅವಳು ಕೇಳಲಿಲ್ಲ.
"ಬಂಗುಡೆಗೆ ಯಾರಾದರೂ ಐಸ್ ಹಾಕಿ," ಎಂದಳು.

ಶರಾವತಿ ಸೇತುವೆಯನ್ನು ಅವಳು ದಾಟಲಿಲ್ಲ.

ಸಂಜೆಯ ಹೊತ್ತಿಗೆ ಬುಟ್ಟಿಯ ನೀರು
ಬಾಗಿಲ ಸಂದಿಯಿಂದ ನುಸುಳಿ
ನನ್ನ ಚಪ್ಪಲಿಯ ತನಕ ಬಂದಿತ್ತು.
ಹಲ್ಲು ಮಂಚದ ಮೇಲೆಯೇ ಉಳಿದಿತ್ತು.
ಕೇಳಿಕೊಂಡು ಯಾರೂ ಬರಲಿಲ್ಲ.
ಹತ್ತಿಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟೆ.

ಅಲ್ಲಿಂದೀಚೆ ನಾನು ಎದೆಯೊಂದನ್ನೇ ಕೇಳುವುದಿಲ್ಲ.
ದವಡೆ? ಬೆನ್ನು? ಎಡತೋಳು? ಹೊಟ್ಟೆಯ ಮೇಲೆ ಉರಿ?
ನಾಲ್ಕು ಮೆಟ್ಟಿಲಿಗೆ ಏದುಸಿರು?
ನಿದ್ದೆ ಮಾಡಿದರೂ ಆರದ ದಣಿವು?
ಬುದವಂತಿ ಗೌಡ ನಗುತ್ತಾಳೆ:
"ದಣಿವಿಲ್ಲದ ಹೆಂಗಸು ಯಾವ ಊರಲ್ಲಿದ್ದಾಳೆ, ತೋರಿಸು,
ಅಲ್ಲಿಗೇ ಹೋಗಿ ಇರುತ್ತೇನೆ."
ಹಾಲಕ್ಕಿ ಕೊರಳು;
ಗಂಟಲಿಂದ ಹೊಟ್ಟೆಯ ತನಕ ಮಣಿಯ ಮೇಲೆ ಮಣಿ.
ಸರ ತೆಗೆಯಬೇಕೆಂದರೆ ಎದ್ದೇ ಹೊರಟಳು.
ಬೇಡ, ತೆಗೆಯಬೇಡ, ಎಂದು
ಎಡಗೈಯಲ್ಲಿ ಅಷ್ಟನ್ನೂ ಎತ್ತಿ ಹಿಡಿದು
ಬಲಗೈಯಲ್ಲಿ ಒಂದೊಂದೇ ಬುಗ್ಗೆ ಹಚ್ಚಿದೆ.
ಯಂತ್ರ ಬರೆಯುವ ಮೊದಲೇ
ಆ ಮಣಿಗಳು ನನ್ನ ಮುಷ್ಟಿಯೊಳಗೆ ಮಿಡಿಯುತ್ತಿದ್ದವು.

ಘಟ್ಟದ ಮೇಲಿನ ಪಾಸ್ಕೀನಾ ಸಿದ್ದಿಗೆ
ಎಲ್ಲಿಯೋ ಯಾರೋ ಹೇಳಿ ಕಳಿಸಿದ್ದರಂತೆ:
"ನಿಮ್ಮವರು ಗಟ್ಟಿ ಜನ, ನಿಮಗೆಂಥ ಹಾರ್ಟು!"
ನನ್ನ ಮುಂದೆ ಬಿಪಿ ನೂರ ಎಂಬತ್ತು.
ಹೊಗಳಿಕೆ ಅವಳ ರಕ್ತನಾಳಕ್ಕೆ ಕೇಳಿಸಿರಲಿಲ್ಲ.

ಮಂಕಿಯಿಂದ ಮಗಳ ಬಾಣಂತನಕ್ಕೆ ಬಂದ ಉಮ್ಮೆ ಹಾನಿ
ಎರಡು ಸಲ ಈ ಪರದೆಯ ತನಕ ಬಂದು ಮರಳಿದ್ದರು.
ಆ ದಿನ ನನಗೆ ರಜೆ, ಕುರ್ಚಿಯಲ್ಲಿ ಗಂಡಸು.
ಈಗ ಬಾಗಿಲ ಮೇಲೆ ನನ್ನ ಪಾಳಿಯ ಸಮಯ ಬರೆದಿಟ್ಟಿದ್ದೇನೆ,
ನನ್ನ ನಂಬರನ್ನೂ.
ರಾತ್ರಿ ಹನ್ನೊಂದಕ್ಕೂ ಫೋನು ಬರುತ್ತದೆ. ಬರಲಿ.

ನಿನ್ನೆ ಬಂದದ್ದು ಅತ್ತಿಗೆಯದು.
ಬೆನ್ನು ಹಿಡಿದಿದೆಯಂತೆ, ಬೆವರಂತೆ,
ಮಧ್ಯಾಹ್ನದ ವಡೆ ಜಾಸ್ತಿಯಾಯಿತಂತೆ.
"ಗ್ಯಾಸು ಮಾರಾಯ್ತಿ, ಅಡ್ಡಿಲ್ಲ,
ಪಾತ್ರೆ ತೊಳೆದು ಮಲಗುತ್ತೇನೆ."

ಫೋನು ಕಿವಿಗಿದ್ದಂತೆಯೇ ಡ್ರಾಯರು ಎಳೆದೆ.
ಹತ್ತಿ ಬಿಡಿಸಿದೆ.
ಬೆಳ್ಳಗೆ, ಬೇರು ಸಮೇತ, ಗಟ್ಟಿ ಹಲ್ಲು.
ಎಲ್ಲಿಯೂ ಹುಳುಕಿಲ್ಲ.

"ಅಡ್ಡಿ ಇದೆ," ಎಂದೆ.
"ಪಾತ್ರೆ ಅಲ್ಲೇ ಇರಲಿ. ರಿಕ್ಷಾ ಹತ್ತು."